ಕಾಲೇಜಿನ ನಾಟಕ ತಂಡ: ಸೇರಬೇಕಾದರೆ ಹಿಂಬಾಗಿಲೇ ಹತ್ತಿರ

ಸೆಮಿಸ್ಟರ್ ಶುರುವಾಗಿ ಎರಡು-ಮೂರು ವಾರಕ್ಕೆ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಾಣಿಸಿಕೊಳ್ಳುತ್ತದೆ: ನಾಟಕದಲ್ಲಿ ಆಸಕ್ತಿ ಇರುವವರು ಸಂಜೆ ನಾಲ್ಕಕ್ಕೆ ಸೆಮಿನಾರ್ ಹಾಲಿಗೆ ಬರತಕ್ಕದ್ದು. ಅವತ್ತು ಹಾಲ್ ತುಂಬ ಜನ. ನಾಟಕದಲ್ಲಿರುವುದು ಏಳೋ ಎಂಟೋ ಪಾತ್ರ. ಪಾತ್ರ ಸಿಗದವರು ಮರುದಿನದಿಂದ ಆ ಕಡೆ ತಲೆ ಹಾಕುವುದಿಲ್ಲ. ಸಿಕ್ಕವರಲ್ಲೂ ಒಬ್ಬಿಬ್ಬರು ಮೊದಲ ಇಂಟರ್ನಲ್ಸ್ ಹೊತ್ತಿಗೆ ಮಾಯ. ಆಗ ನಿರ್ದೇಶಕರು ಸುತ್ತ ಕಣ್ಣಾಡಿಸಿ, ದಿನಾ ಬಂದು ಮೂಲೆಯಲ್ಲಿ ನಾಟಕದ ಪ್ರತಿ ಹಿಡಿದು ಕೂತವರನ್ನು ‘ಏಳು, ಈ ಮಾತು ನೀನು ಓದು’ ಎಂದು ಎಬ್ಬಿಸುತ್ತಾರೆ. ಕಾಲೇಜು ನಾಟಕದಲ್ಲಿ ಎಷ್ಟೋ ಪಾತ್ರಗಳು ಕೈ ಬದಲಾಗುವುದು ಹೀಗೇ.

ಆದ್ದರಿಂದ ಆಡಿಷನ್ನಿಗೆ ಹೋಗಿ, ಆದರೆ ಅದೊಂದನ್ನೇ ನಂಬಬೇಡಿ. ತಂಡಕ್ಕೆ ಯಾವಾಗಲೂ ಕೊರತೆ ಇರುವುದು ನಟರದ್ದಲ್ಲ. ಪ್ರಾಂಪ್ಟ್ ಮಾಡುವವರು (ನಟರು ಮರೆತ ಮಾತನ್ನು ನೆನಪಿಸುವವರು), ಪರಿಕರ (ರಂಗದ ಮೇಲೆ ಬಳಸುವ ವಸ್ತುಗಳು) ನೋಡಿಕೊಳ್ಳುವವರು, ಬೆಳಕಿಗೆ ವೈರ್ ಎಳೆಯುವವರು, ಲೆಕ್ಕ ಬರೆಯುವವರು ಸಿಗುವುದಿಲ್ಲ. ಈ ಕೆಲಸಗಳನ್ನು ಹಿಡಿದು ಒಳಗೆ ಹೋಗುವುದು ಹೇಗೆ, ಎಲ್ಲಿ ಎಡವುತ್ತಾರೆ ಎಂಬುದನ್ನೇ ಇಲ್ಲಿ ಹೆಚ್ಚು ಹೇಳಿದ್ದೇವೆ.

ತಂಡ ಎಲ್ಲಿದೆ ಎಂದು ಪತ್ತೆ ಹಚ್ಚುವುದು

ಕಾಲೇಜಿನ ವೆಬ್‌ಸೈಟಿನಲ್ಲಿ ‘ನಾಟಕ ಸಂಘ’ ಅಂತ ಹೆಸರಿದ್ದ ಮಾತ್ರಕ್ಕೆ ತಂಡ ಇದೆ ಎಂದಲ್ಲ. ಹೆಸರಿಲ್ಲದ ಕಡೆ ಒಳ್ಳೆಯ ತಂಡ ಇದ್ದೀತು. ನಾಲ್ಕು ಜನರನ್ನು ಕೇಳಿ: ಸಾಂಸ್ಕೃತಿಕ ವಿಭಾಗದ ಸಂಚಾಲಕರು, ಕನ್ನಡ ವಿಭಾಗದ ಮೇಷ್ಟ್ರು, ಎನ್‌ಎಸ್‌ಎಸ್ ಅಧಿಕಾರಿ, ಮತ್ತು ಸಭಾಂಗಣದ ಬೀಗದ ಕೈ ಇಟ್ಟುಕೊಂಡಿರುವ ಅಟೆಂಡರ್. ಕೊನೆಯವರು ಹೇಳುವುದೇ ಹೆಚ್ಚು ಖಚಿತ. ಸಂಜೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ, ಹೋದ ವರ್ಷ ಯಾರು ಪರದೆ ಹರಿದರು, ಎಲ್ಲ ಅವರಿಗೆ ಗೊತ್ತಿರುತ್ತದೆ. ಅವರ ವಿಶ್ವಾಸ ಗಳಿಸಿಕೊಂಡರೆ ಮುಂದೆ ಇಡೀ ತಂಡಕ್ಕೇ ಉಪಯೋಗ.

ತಾಲೀಮು ನಡೆಯುವ ಜಾಗಕ್ಕೆ ಹೋಗಿ ‘ನನಗೆ ಏನಾದರೂ ಕೆಲಸ ಇದ್ದರೆ ಹೇಳಿ’ ಅನ್ನಬೇಡಿ. ಆ ಗಡಿಬಿಡಿಯಲ್ಲಿ ಕೆಲಸ ಹುಡುಕಿ ಕೊಡುವುದೇ ಅವರಿಗೊಂದು ಕೆಲಸವಾಗುತ್ತದೆ. ‘ಸೋಮವಾರದಿಂದ ಗುರುವಾರದವರೆಗೆ ನಾಲ್ಕರಿಂದ ಆರರವರೆಗೆ ಬರಬಲ್ಲೆ. ಪ್ರಾಂಪ್ಟ್ ಮಾಡುತ್ತೇನೆ, ಪರಿಕರ ಪಟ್ಟಿ ಮಾಡುತ್ತೇನೆ’ ಎಂದು ದಿನ, ಸಮಯ, ಕೆಲಸ ಮೂರನ್ನೂ ಹೇಳಿ. ಮನೆ ದೂರವಿದ್ದರೆ, ಹಾಸ್ಟೆಲ್ ಗೇಟು ಏಳಕ್ಕೆ ಮುಚ್ಚುವುದಾದರೆ ಅದನ್ನೂ ಮೊದಲ ದಿನವೇ ಹೇಳಿಬಿಡಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಮುಚ್ಚಿಟ್ಟು, ಗ್ರಾಂಡ್ ರಿಹರ್ಸಲ್ (ವೇಷ, ಬೆಳಕು ಸಮೇತ ನಡೆಯುವ ಕೊನೆಯ ತಾಲೀಮು) ದಿನ ಅರ್ಧಕ್ಕೆ ಎದ್ದು ಹೋಗುವವರಿಂದ ತಂಡಕ್ಕೆ ಆಗುವ ತೊಂದರೆ ದೊಡ್ಡದು. ಮೊದಲೇ ಗೊತ್ತಿದ್ದರೆ ಅವರ ದೃಶ್ಯಗಳನ್ನು ಮುಂಚೆ ತೆಗೆದುಕೊಂಡು ಕಳಿಸಬಹುದು.

ಸಮಯದ ಒರಟು ಲೆಕ್ಕ ಹೀಗಿದೆ: ರಂಗದ ಮೇಲಿನ ಒಂದು ನಿಮಿಷಕ್ಕೆ ಕನಿಷ್ಠ ಒಂದು ಗಂಟೆಯ ತಾಲೀಮು. ಅರ್ಧ ಗಂಟೆಯ ಏಕಾಂಕಕ್ಕೆ ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಐದು ದಿನ ಸೇರಿದರೆ ಮೂರು ವಾರ ಬೇಕು. ಟೆಸ್ಟು, ಹಬ್ಬ, ಜ್ವರ, ಬಂದ್ ಸೇರಿಸಿ ಐದು ವಾರ ಇಟ್ಟುಕೊಳ್ಳಿ. ಮೊದಲ ವಾರ ಕೂತು ಓದುವುದು. ಎರಡನೇ ವಾರ ಎದ್ದು ಚಲನೆ ಕಟ್ಟುವುದು. ಮೂರನೇ ವಾರದ ಕೊನೆಗೆ ಯಾರ ಕೈಯಲ್ಲೂ ಪ್ರತಿ ಇರಬಾರದು. ನಾಲ್ಕನೆಯದರಲ್ಲಿ ನಿಲ್ಲಿಸದೆ ಪೂರ್ತಿ ಆಡಿಸುವುದು. ಕೊನೆಯ ವಾರ ಬೆಳಕು, ಸಂಗೀತ, ವೇಷಕ್ಕೆ. ಹೆಚ್ಚಿನ ತಂಡಗಳು ತಪ್ಪುವುದು ಮೊದಲ ವಾರದಲ್ಲಿ. ಓದುವುದಕ್ಕೆ ಬೇಸರವಾಗಿ ಎರಡನೇ ದಿನಕ್ಕೇ ಎದ್ದು ಓಡಾಡತೊಡಗುತ್ತಾರೆ. ಆಮೇಲೆ ಮಾತಿನ ಅರ್ಥ ಗೊತ್ತಿಲ್ಲದೆಯೇ ಅದು ಬಾಯಿಪಾಠವಾಗಿರುತ್ತದೆ. ಅದನ್ನು ತಿದ್ದುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಆಡಿಷನ್ ದಿನ

ಎರಡು ತುಣುಕು ಸಿದ್ಧ ಮಾಡಿಕೊಳ್ಳಿ, ಒಂದೊಂದು 60ರಿಂದ 90 ಸೆಕೆಂಡು. ಹನ್ನೆರಡು-ಹದಿನೈದು ಸಾಲು ಸಾಕು. ಒಂದರಲ್ಲಿ ನೀವು ಯಾರಿಗೋ ಏನನ್ನೋ ಕೇಳುತ್ತಿರಬೇಕು, ಬೇಡುತ್ತಿರಬೇಕು ಅಥವಾ ಮುಚ್ಚಿಡುತ್ತಿರಬೇಕು. ಇನ್ನೊಂದು ಹಗುರವಾಗಿರಲಿ. ಸಿನಿಮಾ ಡೈಲಾಗ್ ಬೇಡ. ಎಷ್ಟು ಚೆನ್ನಾಗಿ ಹೇಳಿದರೂ ಕೇಳುವವರ ಕಿವಿಯಲ್ಲಿ ಮೂಲ ನಟನ ದನಿಯೇ ಓಡುತ್ತಿರುತ್ತದೆ. ನಿಮ್ಮದು ಏನೆಂದು ತಿಳಿಯುವುದೇ ಇಲ್ಲ.

ಕನ್ನಡ ನಾಟಕದ ಆಡಿಷನ್ನಿನಲ್ಲಿ ಕಿವಿ ಹೋಗುವುದು ಮೊದಲು ಉಚ್ಚಾರದ ಕಡೆಗೆ: ಅಕಾರ-ಹಕಾರ, ಲ-ಳ, ನ-ಣ, ಸ-ಶ. ದಿನಾ ಹತ್ತು ನಿಮಿಷ ದಿನಪತ್ರಿಕೆಯ ಸಂಪಾದಕೀಯವನ್ನು ಜೋರಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎರಡು ವಾರದಲ್ಲಿ ನಿಮ್ಮ ತಪ್ಪು ನಿಮಗೇ ಚುಚ್ಚತೊಡಗುತ್ತದೆ. ಅದರ ಜೊತೆಗೆ ಇನ್ನೊಂದು ಮಾತು: ನಿಮ್ಮೂರಿನ ಕನ್ನಡವನ್ನು ಒರೆಸಿ ಹಾಕಬೇಡಿ. ಕುಂದಾಪುರದವರು, ಬೀದರಿನವರು, ಮಂಡ್ಯದವರು ತಮ್ಮ ಮಾತಿನಲ್ಲೇ ಒಂದು ತುಣುಕು ಹೇಳಿದರೆ ತಂಡಕ್ಕೆ ಅದೊಂದು ಆಸ್ತಿ. ಬೆಂಗಳೂರಿನ ಹುಡುಗರು ಎರಡು ‘ರೀ’, ನಾಲ್ಕು ‘ಏನ್ಲೇ’ ಸೇರಿಸಿ ಧಾರವಾಡದವರಾಗಲು ಹೊರಡುವುದೇ ಹೆಚ್ಚು ಅಪಾಯ.

ಆಮೇಲೆ ಕೈಗೆ ಒಂದು ಹಾಳೆ ಕೊಟ್ಟು ಓದಲು ಹೇಳುತ್ತಾರೆ. ಕೇಳಿ ಅರ್ಧ ನಿಮಿಷ ತೆಗೆದುಕೊಳ್ಳಿ, ಕಣ್ಣಾಡಿಸಿ, ಯಾರು ಯಾರೊಂದಿಗೆ ಮಾತಾಡುತ್ತಿದ್ದಾರೆ ಎಂದು ತಿಳಿದುಕೊಂಡು ಶುರು ಮಾಡಿ. ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿಯದೆ ಎದೆಯ ಮಟ್ಟದಲ್ಲಿಟ್ಟು, ವಾಕ್ಯದ ಕೊನೆಯಲ್ಲಿ ತಲೆಯೆತ್ತಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಯಲ್ಲಿ. ಉಸಿರು ಮುಗಿದು ದನಿ ಇಳಿಯುವುದೂ ಅಲ್ಲೇ. ‘ನಾನು ಅವನನ್ನು ನೋಡ...’ ಎಂದು ಮಸುಕಾದರೆ, ನೋಡಿದಿರೋ ನೋಡಲಿಲ್ಲವೋ ಹಿಂದಿನ ಸಾಲಿನವರಿಗೆ ತಿಳಿಯುವುದಿಲ್ಲ. ಉಸಿರನ್ನು ಕೊನೆಯ ಪದಕ್ಕೆ ಉಳಿಸಿಕೊಳ್ಳುವುದನ್ನೇ ಅಭ್ಯಾಸ ಮಾಡಿ.

ಗುಂಪು ಆಟಗಳಲ್ಲಿ ಎಲ್ಲರೂ ತಮಾಷೆ ಮಾಡಲು ಹೋಗುತ್ತಾರೆ. ಅಲ್ಲಿ ನೋಡುವುದು ನೀವು ಪಕ್ಕದವರ ಮಾತನ್ನು ಕೇಳಿಸಿಕೊಳ್ಳುತ್ತೀರೋ ಇಲ್ಲವೋ ಎಂಬುದನ್ನು. ಹಾಡಲು ಹೇಳಿದರೆ ಹಾಡಿ. ಶ್ರುತಿ ಸ್ವಲ್ಪ ಆಚೀಚೆಯಾದರೂ ಪರವಾಗಿಲ್ಲ, ಮೇಳಕ್ಕೆ ಲಯ ತಪ್ಪದವರು ಬೇಕು.

ಪ್ರತಿ ಹಿಡಿಯುವ ಕೆಲಸ

ಇಡೀ ನಾಟಕ ಒಳಗಿನಿಂದ ಗೊತ್ತಾಗುವ ಜಾಗ ಇದು. ಹಳೆಯ ಕಂಪನಿ ನಾಟಕಗಳಲ್ಲಿ ಪ್ರಾಂಪ್ಟರ್ ಸೈಡ್ ವಿಂಗಿನಲ್ಲಿ (ರಂಗದ ಬದಿಯ ಮರೆಯಲ್ಲಿ) ನಿಂತು ಮಾತು ಕೊಡುತ್ತಿದ್ದರು. ಈಗ ಪ್ರಯೋಗದ ದಿನ ಹಾಗೆ ಮಾಡುವುದಿಲ್ಲ, ಕೆಲಸವೆಲ್ಲ ತಾಲೀಮಿನಲ್ಲಿ.

ರಂಗಪ್ರತಿ ಮಾಡಿಕೊಳ್ಳುವ ವಿಧಾನ: ನಾಟಕವನ್ನು ಎ4 ಹಾಳೆಯ ಒಂದೇ ಮಗ್ಗುಲಿಗೆ ಪ್ರಿಂಟ್ ತೆಗೆಸಿ, ಅಕ್ಷರ 14ರ ಗಾತ್ರ, ಸಾಲುಗಳ ನಡುವೆ ಜಾಗ ಬಿಟ್ಟು. ರಿಂಗ್ ಫೈಲಿಗೆ ಹಾಕಿದಾಗ ಬಲಗಡೆ ಮಾತು, ಎಡಗಡೆ ಖಾಲಿ ಪುಟ ಬರುವಂತಿರಲಿ. ಖಾಲಿ ಪುಟದಲ್ಲಿ ಚಲನೆ, ಬೆಳಕು, ಸಂಗೀತ ಎಲ್ಲವನ್ನೂ ಬರೆಯುವುದು. ಪೆನ್ಸಿಲ್ ಮಾತ್ರ, ಏಕೆಂದರೆ ಇವತ್ತಿನ ಚಲನೆ ನಾಳೆ ಬದಲಾಗುತ್ತದೆ. ಬಲ-ಎಡ ಎಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟರ ಬಲ-ಎಡ. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳದಿದ್ದರೆ ನಿಮ್ಮ ಟಿಪ್ಪಣಿಯೆಲ್ಲ ಕನ್ನಡಿಯಲ್ಲಿ ನೋಡಿದಂತೆ ತಿರುಗಿರುತ್ತದೆ. ಒಂದು ಟಿಪ್ಪಣಿ ಹೀಗಿರಬಹುದು:

‘ಯಾರದು, ಬಾಗಿಲ ಹತ್ರ?’ – ಅಜ್ಜ ಹಿಂ.ಬ. ಇಂದ ಮಧ್ಯಕ್ಕೆ 4 ಹೆಜ್ಜೆ. ಬೆಂಚಿಗಿಂತ ಮುಂಚೆ ನಿಲ್ಲುವುದು, ಮೌನ 2. ಕೋಲು ಎಡಗೈ. ಬೆಳಕು 7.

ಹಿಂ.ಬ. ಎಂದರೆ ಹಿಂಬದಿಯ ಬಲ, ‘ಮೌನ 2’ ಎಂದರೆ ಎರಡು ಎಣಿಕೆ, ‘ಬೆಳಕು 7’ ಎಂದರೆ ಏಳನೇ ಬೆಳಕಿನ ಕ್ಯೂ, ಅಂದರೆ ಬೆಳಕು ಬದಲಿಸುವ ಏಳನೇ ಸೂಚನೆ. ಕೋಲು ಯಾವ ಕೈಯಲ್ಲಿತ್ತು ಎನ್ನುವುದು ಸಣ್ಣ ವಿಷಯವಲ್ಲ. ಮುಂದಿನ ಪುಟದಲ್ಲಿ ಅದೇ ಅಜ್ಜ ಬಲಗೈಯಿಂದ ಪತ್ರ ತೆಗೆದುಕೊಳ್ಳಬೇಕಾಗಿರುತ್ತದೆ.

ಮೌನಗಳನ್ನು ಗುರುತು ಹಾಕಿಕೊಳ್ಳದ ಪ್ರಾಂಪ್ಟರ್ ನಟರಿಗೆ ಶತ್ರು. ನಟಿ ಬೇಕೆಂದೇ ಎರಡು ಎಣಿಕೆ ನಿಂತಾಗ ನೀವು ಮಾತು ಎಸೆದರೆ ಆ ದೃಶ್ಯ ಕೆಟ್ಟಿತು. ಅದಕ್ಕೆ ಒಂದು ಒಪ್ಪಂದ ಮಾಡಿಕೊಳ್ಳಿ: ಮರೆತವರು ಪಾತ್ರ ಬಿಡದೆ, ನಿಂತಲ್ಲೇ ‘ಮಾತು’ ಎನ್ನಬೇಕು, ಕ್ಷಮಿಸಿ ಅನ್ನುವುದು, ತಲೆ ಕೆರೆಯುವುದು ಬೇಡ. ನೀವು ಮೊದಲ ಎರಡು-ಮೂರು ಪದ ಮಾತ್ರ, ಭಾವವಿಲ್ಲದೆ, ಕೇಳುವಷ್ಟು ಜೋರಾಗಿ ಕೊಡಬೇಕು. ಪೂರ್ತಿ ವಾಕ್ಯವನ್ನು ನಟಿಸಿ ತೋರಿಸಿದರೆ ಅವರು ನಿಮ್ಮ ದನಿಯನ್ನೇ ನಕಲು ಮಾಡುತ್ತಾರೆ. ಯಾರಾದರೂ ಒಂದು ಪುಟ ಹಾರಿದರೆ ಹಿಂದಕ್ಕೆ ಎಳೆಯಬೇಡಿ. ಹಾರಿಹೋದ ಪುಟದಲ್ಲಿ ಕಥೆಗೆ ಬೇಕಾದ ಸುದ್ದಿ ಯಾವುದು ಎಂದು ನೋಡಿ, ಎದುರಿಗಿರುವ ನಟನಿಗೆ ಅದನ್ನು ತರುವ ಪ್ರಶ್ನೆ ಕೊಡಿ. ಇದನ್ನು ತಾಲೀಮಿನಲ್ಲಿ ಎರಡು-ಮೂರು ಸಲ ಬೇಕೆಂದೇ ಮಾಡಿಸಿದರೆ ಪ್ರಯೋಗದ ದಿನ ಜೀವ ಉಳಿಯುತ್ತದೆ.

ದಿನದ ಕೊನೆಗೆ ಯಾರು ಎಲ್ಲಿ ಮರೆತರು, ಎಲ್ಲಿ ಪದ ಬದಲಿಸಿದರು ಎಂದು ಒಬ್ಬೊಬ್ಬರಿಗೆ ಒಂದು ಚೀಟಿ ಕೊಡಿ. ಎಲ್ಲರೆದುರು ಓದಿ ಹೇಳಬೇಡಿ.

ಪರಿಕರ, ವೇಷ

ಸೈಡ್ ವಿಂಗಿನಲ್ಲಿ ಒಂದು ಮೇಜು. ಅದರ ಮೇಲೆ ದಿನಪತ್ರಿಕೆ ಹಾಸಿ, ಪ್ರತಿಯೊಂದು ವಸ್ತುವನ್ನೂ ಇಟ್ಟು ಸುತ್ತ ಮಾರ್ಕರಿನಿಂದ ಗೆರೆ ಎಳೆದು ಒಳಗೆ ಹೆಸರು ಬರೆಯಿರಿ: ಚೊಂಬು, ಅಜ್ಜನ ಕೋಲು, ಪತ್ರ, ಕನ್ನಡಕ. ನಾಟಕ ಶುರುವಾಗುವ ಮುಂಚೆ ಖಾಲಿ ಗೆರೆ ಕಂಡರೆ ಏನು ಕಾಣೆಯಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ನಟರಿಗೆ ಒಂದೇ ನಿಯಮ: ರಂಗದಿಂದ ಹೊರಬಂದ ಕೂಡಲೇ ವಸ್ತು ಮೇಜಿಗೆ ಹೋಗಬೇಕು, ಜೇಬಿಗಲ್ಲ. ಎರಡನೇ ಅಂಕದಲ್ಲಿ ಕನ್ನಡಕ ಸಿಗದಿದ್ದರೆ ಅದು ಮೊದಲ ಅಂಕದ ವೇಷದ ಜೇಬಿನಲ್ಲಿ, ಆ ವೇಷ ಗ್ರೀನ್ ರೂಮಿನ ಯಾವುದೋ ಕುರ್ಚಿಯ ಕೆಳಗೆ ಇರುತ್ತದೆ.

ಪತ್ರ ಓದುವ ದೃಶ್ಯವಿದ್ದರೆ ಆ ಪತ್ರದಲ್ಲಿ ನಿಜವಾಗಿಯೂ ಆ ಮಾತುಗಳನ್ನೇ ಬರೆದಿಡಿ. ಹರಿಯುವ ಪತ್ರವಾದರೆ ಪ್ರತಿ ಪ್ರಯೋಗಕ್ಕೆ ಒಂದು, ಮೇಲೆ ಎರಡು ಹೆಚ್ಚು. ರಂಗದ ಮೇಲೆ ತಿನ್ನಬೇಕಾದರೆ ಬಾಳೆಹಣ್ಣು, ಮೆತ್ತನೆಯ ಇಡ್ಲಿ ಸರಿ. ಚಕ್ಕುಲಿ, ಮಂಡಕ್ಕಿ ಗಂಟಲಿಗೆ ಹಿಡಿದು ಮುಂದಿನ ಮಾತು ಕೆಮ್ಮಾಗುತ್ತದೆ. ಲೋಟ ಖಾಲಿ ಇಡಬೇಡಿ. ಖಾಲಿ ಲೋಟವನ್ನು ಎಷ್ಟೇ ನಟಿಸಿದರೂ ಕೈ ಹಗುರವಾಗಿ ಏಳುತ್ತದೆ. ಅರ್ಧ ನೀರು ಹಾಕಿ.

ಕತ್ತಲಲ್ಲಿ ಸಜ್ಜಿಕೆ (ಸೆಟ್) ಬದಲಿಸಲು ನೆಲಕ್ಕೆ ಗುರುತು ಬೇಕು. ಗಾಡಿಗಳ ಸ್ಟಿಕ್ಕರ್ ಅಂಗಡಿಯಲ್ಲಿ ‘ರೇಡಿಯಂ’ ಅಂತ ಕೊಡುವುದು ಬೆಳಕು ಬಿದ್ದಾಗ ಮಾತ್ರ ಹೊಳೆಯುವಂಥದ್ದು. ಪೂರ್ತಿ ಕತ್ತಲಲ್ಲಿ ಅದು ಕಾಣುವುದೇ ಇಲ್ಲ. ನಿಮಗೆ ಬೇಕಾದದ್ದು ಬೆಳಕು ಹೀರಿಕೊಂಡು ಕತ್ತಲಲ್ಲಿ ತಾನೇ ಹೊಳೆಯುವ ಟೇಪ್. ಅಂಗಡಿಯಲ್ಲೇ ಒಂದು ನಿಮಿಷ ಬೆಳಕಿಗೆ ಹಿಡಿದು ಕೈಯಲ್ಲಿ ಮುಚ್ಚಿ ನೋಡಿ ತನ್ನಿ. ಬೆರಳಿನ ಉಗುರಿನಷ್ಟು ತುಂಡು ಸಾಕು. ದೊಡ್ಡದು ಅಂಟಿಸಿದರೆ ಪ್ರೇಕ್ಷಕರಿಗೆ ನಕ್ಷತ್ರ ಕಂಡಂತಾಗುತ್ತದೆ.

ವೇಷಕ್ಕೆ ಸಂಬಂಧಿಸಿ ಹೆಚ್ಚು ಎಡವುವುದು ಪಂಚೆ, ಸೀರೆಗಳಲ್ಲಿ. ದಿನಾ ಜೀನ್ಸ್ ಹಾಕುವವರು ಪ್ರಯೋಗದ ದಿನ ಮೊದಲ ಸಲ ಪಂಚೆ ಉಟ್ಟರೆ ನಡಿಗೆಯೇ ಬೇರೆಯಾಗುತ್ತದೆ, ಗಮನವೆಲ್ಲ ಸೊಂಟದ ಮೇಲೆ. ಎರಡನೇ ವಾರದಿಂದಲೇ ಹಳೆಯದೊಂದನ್ನು ಉಟ್ಟು ತಾಲೀಮು ಮಾಡಿಸಿ. ಒಳಗೆ ಚಡ್ಡಿ, ಮೇಲೆ ಬೆಲ್ಟು. ಸೀರೆಗೆ ಪಿನ್ನುಗಳನ್ನು ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಅಪ್ಪಟ ಬಿಳಿ ಬಟ್ಟೆ ಬೆಳಕಿಗೆ ಕಣ್ಣು ಕುಕ್ಕುತ್ತದೆ, ಮುಖ ಕಪ್ಪಾಗಿ ಕಾಣಿಸುತ್ತದೆ. ಟೀ ಡಿಕಾಕ್ಷನ್‌ನಲ್ಲಿ ಅರ್ಧ ಗಂಟೆ ಅದ್ದಿ ಒಣಗಿಸಿದರೆ ಹದಕ್ಕೆ ಬರುತ್ತದೆ. ಬಾಡಿಗೆ ವೇಷವನ್ನು ಟೀಯಲ್ಲಿ ಅದ್ದಬೇಡಿ, ಠೇವಣಿ ಹೋಗುತ್ತದೆ.

ಪ್ರಸಾಧನದ (ಮೇಕಪ್) ಬಗ್ಗೆ ಎರಡೇ ಮಾತು. ಗಡ್ಡ-ಮೀಸೆ ಅಂಟಿಸುವ ಸ್ಪಿರಿಟ್ ಗಮ್ಮನ್ನು ಹಿಂದಿನ ದಿನ ಮುಂಗೈ ಒಳಭಾಗಕ್ಕೆ ಹಚ್ಚಿ ಉರಿ, ದದ್ದು ಬರುತ್ತದೆಯೇ ನೋಡಿ. ಆಗಷ್ಟೇ ಶೇವ್ ಮಾಡಿದ ಮುಖಕ್ಕೆ ಹಚ್ಚಬೇಡಿ. ಬಿಡಿಸುವಾಗ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಮೆಲ್ಲಗೆ ತೆಗೆಯಿರಿ. ಇನ್ನು ಮುದುಕರ ತಲೆಗೆ ಟಾಲ್ಕಂ ಪೌಡರ್ ಸುರಿಯುವ ಪದ್ಧತಿ ಎಲ್ಲ ಕಾಲೇಜಿನಲ್ಲೂ ಇದೆ. ಮಗ ಅಪ್ಪನನ್ನು ತಬ್ಬಿಕೊಂಡ ಕೂಡಲೇ ಹೊಗೆ ಏಳುತ್ತದೆ, ಸಭೆ ನಗುತ್ತದೆ. ಬಿಳಿ ಪ್ರಸಾಧನದ ಪೇಸ್ಟನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಣೆಯ ಪಕ್ಕದ ಕೂದಲಿಗೆ ಎಳೆದರೆ ಸಾಕು.

ಬೆಳಕು, ಧ್ವನಿ

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಸಹಜ ದಾರಿ ಎನ್ನುತ್ತಾರೆ, ಬಿ.ಎ. ಓದುವವರು ಹಿಂಜರಿಯಬೇಕಾಗಿಲ್ಲ. ಬೇಕಾದ ಗಣಿತ ಒಂದೇ ಸಾಲಿನದ್ದು. 1000 ವ್ಯಾಟ್‌ನ ಒಂದು ಹ್ಯಾಲೊಜೆನ್ ಪಾರ್ ದೀಪ (ರಂಗಕ್ಕೆ ಬಳಸುವ ದೊಡ್ಡ ದೀಪ) 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಆದ್ದರಿಂದ 6 ಆಂಪಿಯರ್ ಸಾಕೆಟ್ಟಿಗೆ ಒಂದು, 16 ಆಂಪಿಯರ್‌ನದಕ್ಕೆ ಮೂರು. ನಾಲ್ಕನೆಯದನ್ನು ಹಾಕಿದರೆ 17 ದಾಟುತ್ತದೆ. ದೀಪ ಆರುವುದು ಸರಿಯಾಗಿ ಕ್ಲೈಮ್ಯಾಕ್ಸಿನಲ್ಲಿ, ಏಕೆಂದರೆ ಎಲ್ಲ ದೀಪಗಳೂ ಒಟ್ಟಿಗೆ ಪೂರ್ತಿ ಉರಿಯುವುದು ಆಗಲೇ. ಗೋಡೆಯಲ್ಲಿ ಮೂರು ಸಾಕೆಟ್ ಕಂಡರೂ ಅವು ಒಂದೇ ಎಂಸಿಬಿಗೆ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಸೇರಿರಬಹುದು. ಎಂಸಿಬಿ ಒಂದೊಂದನ್ನೇ ಇಳಿಸಿ ಯಾವ ಸಾಕೆಟ್ ಸತ್ತಿತು ಎಂದು ನೋಡಿ, ಚೀಟಿ ಅಂಟಿಸಿ. ಸೌಂಡ್ ಸಿಸ್ಟಮ್ಮಿಗೆ ಬೇರೆಯದೇ ಲೈನ್ ಇರಲಿ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಬಳಸಿದರೆ ಅದು ಬಿಸಿಯಾಗಿ ಕರಗುತ್ತದೆ, ಪೂರ್ತಿ ಬಿಚ್ಚಿ. ಮೇನ್ ಬೋರ್ಡಿಗೆ ಕೈ ಹಾಕುವ ಕೆಲಸ ಕಾಲೇಜಿನ ಎಲೆಕ್ಟ್ರಿಷಿಯನ್‌ಗೆ ಬಿಡಿ.

ದೀಪ ಎರಡೇ ಇದ್ದರೆ ಎರಡನ್ನೂ ಪ್ರೇಕ್ಷಕರ ಕಡೆಯಿಂದ, ಎಡಕ್ಕೊಂದು ಬಲಕ್ಕೊಂದು, ಸುಮಾರು 45 ಡಿಗ್ರಿ ಓರೆಯಾಗಿ, ಅಷ್ಟೇ ಎತ್ತರದಿಂದ ಹಾಯಿಸಿ. ನೆತ್ತಿಯ ಮೇಲಿಂದ ಮಾತ್ರ ಬೆಳಕು ಬಿದ್ದರೆ ಕಣ್ಣು ಗುಳಿಯಾಗಿ ಕಾಣುತ್ತದೆ. ಎಲ್‌ಇಡಿ ದೀಪ ಸಿಕ್ಕಿತೆಂದು ಕೆಂಪು-ನೀಲಿ ಚೆಲ್ಲಬೇಡಿ. ಮುಖದ ಭಾವ ಸಾಯುತ್ತದೆ. ಹ್ಯಾಲೊಜೆನ್ ದೀಪದ ಮುಂದೆ ಉಡುಗೊರೆ ಸುತ್ತುವ ಬಣ್ಣದ ಕಾಗದ ಕಟ್ಟುವುದಂತೂ ಬೆಂಕಿಗೆ ಆಹ್ವಾನ. ಬಿಸಿ ತಡೆಯುವ ಫಿಲ್ಟರ್ ಹಾಳೆಯೇ ಆಗಬೇಕು. ಮೇಲೆ ಕಟ್ಟಿದ ಪ್ರತಿ ದೀಪಕ್ಕೂ ಕೊಕ್ಕೆಯಲ್ಲದೆ ಒಂದು ಸರಪಳಿಯೋ ಉಕ್ಕಿನ ತಂತಿಯೋ ಇರಲೇಬೇಕು.

ಸಂಗೀತವನ್ನು ಫೋನಿನಿಂದ ಕೊಡುವುದಾದರೆ: ಏರೋಪ್ಲೇನ್ ಮೋಡ್, ತಾನಾಗಿ ಮುಂದಿನ ಹಾಡಿಗೆ ಹೋಗುವುದು ಬಂದ್, ಬ್ಲೂಟೂತ್ ಬದಲು ಕೇಬಲ್, ಕಡತಗಳಿಗೆ 01, 02 ಎಂದು ಕ್ಯೂ ಸಂಖ್ಯೆ, ಎಲ್ಲದರ ನಕಲು ಒಂದು ಪೆನ್ ಡ್ರೈವಿನಲ್ಲಿ. ಆದರೂ ತಂಡದಲ್ಲಿ ಹಾರ್ಮೋನಿಯಂ, ತಮಟೆ, ಡೋಲಕ್ ಬಲ್ಲವರಿದ್ದರೆ ಮೊದಲು ಅವರನ್ನೇ ಕೂರಿಸಿ. ನಟ ಎರಡು ಸೆಕೆಂಡು ತಡ ಮಾಡಿದರೆ ತಮಟೆ ಕಾಯುತ್ತದೆ, ಪೆನ್ ಡ್ರೈವ್ ಕಾಯುವುದಿಲ್ಲ.

ಜಾಗದ ಅಳತೆ

ಸಜ್ಜಿಕೆಗಿಂತ ಮುಂಚೆ ಟೇಪು ಹಿಡಿದು ಸಭಾಂಗಣದ ರಂಗವನ್ನು ಅಳೆಯಿರಿ: ಅಗಲ, ಆಳ, ಎತ್ತರ, ಬದಿಯಲ್ಲಿ ನಿಲ್ಲಲು ಎಷ್ಟು ಜಾಗ, ಬಾಗಿಲು ಎಲ್ಲಿದೆ. 30 ಅಡಿ ಅಗಲ, 20 ಅಡಿ ಆಳದ ರಂಗದ ನಾಟಕವನ್ನು ಬೆಂಚು ಸರಿಸಿದ ಕ್ಲಾಸ್‌ರೂಮಿನಲ್ಲಿ ತಾಲೀಮು ಮಾಡಿದರೆ, ಪ್ರಯೋಗದ ದಿನ ಎಲ್ಲರೂ ನಡುಮಧ್ಯದಲ್ಲಿ ಗುಂಪಾಗಿ ನಿಂತಿರುತ್ತಾರೆ. ನಾಲ್ಕು ಹೆಜ್ಜೆಗೆ ತಲುಪುತ್ತಿದ್ದ ಬಾಗಿಲಿಗೆ ಈಗ ಒಂಬತ್ತು ಹೆಜ್ಜೆ ಬೇಕು, ಮಾತು ಮೊದಲೇ ಮುಗಿದಿರುತ್ತದೆ. ಆದ್ದರಿಂದ ಮೈದಾನದಲ್ಲೋ ಪಾರ್ಕಿಂಗ್ ಜಾಗದಲ್ಲೋ ಸುಣ್ಣದ ಪುಡಿಯಿಂದ ನಿಜವಾದ ಅಳತೆಯ ಗೆರೆ ಹಾಕಿ ವಾರಕ್ಕೊಮ್ಮೆಯಾದರೂ ಅಲ್ಲಿ ಆಡಿಸಿ. ಮೆಟ್ಟಿಲು, ಕಟ್ಟೆಗಳಿಗೆ ಡೆಸ್ಕು ಜೋಡಿಸುವುದಾದರೆ ಕಾಲುಗಳನ್ನು ಒಂದಕ್ಕೊಂದು ಹಗ್ಗದಲ್ಲಿ ಬಿಗಿದು ಮೇಲೆ ಹಳೆಯ ಕಂಬಳಿ ಹಾಸಿ, ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಕಿರ್ ಎನ್ನುತ್ತದೆ.

ಯುವಜನೋತ್ಸವಕ್ಕೆ ಹೋಗುವುದಾದರೆ

ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಮಾದರಿಯಲ್ಲಿ ರಂಗ ವಿಭಾಗದಲ್ಲಿ ನಾಲ್ಕು ಸ್ಪರ್ಧೆಗಳಿರುತ್ತವೆ. ಏಕಾಂಕಕ್ಕೆ 30 ನಿಮಿಷ, ಒಂಬತ್ತು ಜನ. ಸ್ಕಿಟ್‌ಗೆ 10 ನಿಮಿಷ, ಆರು ಜನ. ಮೂಕಾಭಿನಯಕ್ಕೆ 5 ನಿಮಿಷ, ಆರು ಜನ. ಮಿಮಿಕ್ರಿಗೆ 5 ನಿಮಿಷ, ಒಬ್ಬರು. ಹೊಸಬರಿಗೆ ಮೂಕಾಭಿನಯ, ಸ್ಕಿಟ್ ತಂಡಗಳಲ್ಲಿ ಜಾಗ ಸಿಗುವುದು ಸುಲಭ, ಏಕೆಂದರೆ ಹಿರಿಯರ ಕಣ್ಣೆಲ್ಲ ಏಕಾಂಕದ ಮೇಲಿರುತ್ತದೆ. ಹಿಂದಿನಿಂದ ದನಿ ಕೊಡುವವರು, ವಾದ್ಯದವರು, ದೀಪ ಹಚ್ಚುವವರು ಆ ಸಂಖ್ಯೆಯೊಳಗೆ ಸೇರುತ್ತಾರೋ ಇಲ್ಲವೋ ಎಂದು ಆ ವರ್ಷದ ನಿಯಮಪತ್ರ ಓದಿಯೇ ಪಾತ್ರ ಹಂಚಿ. ಹತ್ತನೆಯವರನ್ನು ಕರೆದುಕೊಂಡು ಹೋಗಿ ಅಲ್ಲಿ ಅಳುವಂತಾಗುವುದು ಬೇಡ.

ಏಕಾಂಕದ ಸಮಯ ಎಣಿಸುವುದು ಖಾಲಿ ರಂಗದಿಂದ ಖಾಲಿ ರಂಗದವರೆಗೆ. ಸಜ್ಜಿಕೆ ಹಾಕಿ ತೆಗೆಯಲು ಸಿಗುವುದು ಹತ್ತು ನಿಮಿಷ. ಹಾಗಾಗಿ ತಾಲೀಮಿನಲ್ಲಿ ನಾಟಕ 27 ನಿಮಿಷಕ್ಕೆ ಮುಗಿಯಬೇಕು. ಉಳಿದ ಮೂರು ಪ್ರೇಕ್ಷಕರ ನಗುವಿಗೆ, ಚಪ್ಪಾಳೆಗೆ, ಜಾರಿಬಿದ್ದ ಕುರ್ಚಿಗೆ. ಸಜ್ಜಿಕೆ ಹಾಕುವುದನ್ನೂ ನಾಟಕದಂತೆಯೇ ಗಡಿಯಾರ ಹಿಡಿದು ತಾಲೀಮು ಮಾಡಿ: ಯಾರು ಯಾವ ಬೆಂಚು, ಯಾವ ಬದಿಯಿಂದ.

ಹಾಜರಾತಿಯ ಕೆಲಸವನ್ನು ಹೋಗುವ ಮುಂಚೆಯೇ ಮುಗಿಸಿ. ಸಾಮಾನ್ಯವಾಗಿ ಪದವಿ ಕಾಲೇಜುಗಳಲ್ಲಿ ಶೇ 75, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಶೇ 85 ಬೇಕು. ಹೆಸರು, ರಿಜಿಸ್ಟರ್ ನಂಬರ್, ದಿನಾಂಕ, ತಪ್ಪುವ ಪೀರಿಯಡ್ ಇರುವ ಪಟ್ಟಿ ಮಾಡಿ, ಸಂಚಾಲಕರು ಮತ್ತು ಪ್ರಾಂಶುಪಾಲರ ಸಹಿ ಹಾಕಿಸಿ, ಪ್ರತಿ ವಿಭಾಗದ ಮುಖ್ಯಸ್ಥರಿಗೆ ಒಂದೊಂದು ನಕಲು ಕೊಟ್ಟು ನಿಮ್ಮ ನಕಲಿಗೆ ಸ್ವೀಕೃತಿ ತೆಗೆದುಕೊಳ್ಳಿ. ಬಹುಮಾನ ಹಿಡಿದು ಬಂದ ಮೇಲೆ ಕೇಳಿದರೆ ಕೊಟ್ಟಾರು ಎಂದು ನೆಚ್ಚಿಕೊಂಡವರು ಸೆಮಿಸ್ಟರ್ ಕೊನೆಯಲ್ಲಿ ಆಫೀಸಿನ ಕಿಟಕಿಯ ಮುಂದೆ ನಿಂತಿರುತ್ತಾರೆ.

ಸಭೆಯ ಕಡೆಯ ಕೆಲಸ, ದುಡ್ಡು

ರಂಗದ ಮೇಲೆ ಬರಲು ಇಷ್ಟವೇ ಇಲ್ಲದವರಿಗೆ ಇದು. ಬಾಗಿಲು ನೋಡಿಕೊಳ್ಳುವುದು, ಪೋಸ್ಟರ್, ಆಹ್ವಾನ, ಕುರ್ಚಿ, ಲೆಕ್ಕ. ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ಕಾಲೇಜಿನಲ್ಲಿ ಅಷ್ಟು ಕಟ್ಟುನಿಟ್ಟು ನಡೆಯಲಿಕ್ಕಿಲ್ಲ, ಆದರೆ ತಡವಾಗಿ ಬಂದವರನ್ನು ಹಿಂಬದಿಯ ಬಾಗಿಲಿಂದ, ದೃಶ್ಯ ಬದಲಾಗುವ ಕತ್ತಲಲ್ಲಿ ಮಾತ್ರ ಬಿಡಬಹುದು. ಅದಕ್ಕಿಂತ ದೊಡ್ಡ ತೊಂದರೆ ಸಭಾ ಕಾರ್ಯಕ್ರಮ. ದೀಪ ಬೆಳಗಿಸಿ, ಶಾಲು ಹೊದಿಸಿ, ನಾಲ್ಕು ಜನ ಮಾತಾಡಿ ಮುಗಿಸುವಷ್ಟರಲ್ಲಿ ಒಂದು ಗಂಟೆ. ಒಳಗೆ ಗಡ್ಡ ಅಂಟಿಸಿಕೊಂಡವರ ಬೆವರು ಇಳಿಯುತ್ತಿರುತ್ತದೆ. ನಾಟಕ ಮೊದಲು, ಸಭೆ ಆಮೇಲೆ ಎಂದು ಆಹ್ವಾನ ಪತ್ರಿಕೆ ಅಚ್ಚಾಗುವ ಮುಂಚೆಯೇ ಪ್ರಾಂಶುಪಾಲರನ್ನು ಒಪ್ಪಿಸಿ. ಒಪ್ಪದಿದ್ದರೆ ಅಂಟು-ಗಡ್ಡವನ್ನು ವಂದನಾರ್ಪಣೆ ಶುರುವಾದ ಮೇಲೆ ಹಚ್ಚಿ.

ಲೆಕ್ಕಕ್ಕೆ ಒಬ್ಬರೇ ಇರಲಿ. ಕಾಲೇಜಿನ ದುಡ್ಡು ಸಾಮಾನ್ಯವಾಗಿ ಬಿಲ್ ಕೊಟ್ಟ ಮೇಲೆ, ಅದೂ ನಿಧಾನವಾಗಿ ಬರುತ್ತದೆ. ಅಷ್ಟರವರೆಗೆ ಯಾರ ಕೈಯಿಂದ ಎಷ್ಟು ಹೋಗಿದೆ ಎಂಬುದು ಬರಹದಲ್ಲಿರಬೇಕು. ಬಿಲ್ ಕಾಲೇಜಿನ ಹೆಸರಿಗೆ ಇರಲಿ. ಆಟೋ, ಟೀ ಥರದ ಬಿಲ್ ಇಲ್ಲದ ಖರ್ಚಿಗೆ ಅದೇ ದಿನ ವೋಚರ್ ಬರೆದು ಸಹಿ ಹಾಕಿಸಿ.

ತಂಡವೇ ಇಲ್ಲದಿದ್ದರೆ

ಎಂಟು ಜನ, ಜೊತೆ ನಿಲ್ಲುವ ಒಬ್ಬ ಅಧ್ಯಾಪಕರು, ನಾಲ್ಕರ ಮೇಲೆ ಖಾಲಿ ಇರುವ ಒಂದು ಕೋಣೆ. ಇಷ್ಟಿದ್ದರೆ ಶುರು ಮಾಡಬಹುದು. ಮೊದಲ ವರ್ಷವೇ ಪೂರ್ಣ ನಾಟಕ ಬೇಡ. ಐದಾರು ಪಾತ್ರ, ಒಂದೇ ಜಾಗದಲ್ಲಿ ನಡೆಯುವ 25-30 ನಿಮಿಷದ ನಾಟಕ ನೋಡಿ. ಅಥವಾ ಬೀದಿನಾಟಕ: ಕನ್ನಡದಲ್ಲಿ 1975ರಲ್ಲಿ ಹುಟ್ಟಿದ ಸಮುದಾಯ ತಂಡದಿಂದ ಈಚೆಗೆ ಇದಕ್ಕೆ ಗಟ್ಟಿ ಪರಂಪರೆಯಿದೆ, ಮತ್ತು ಎನ್‌ಎಸ್‌ಎಸ್ ಶಿಬಿರಗಳಿಗೆ ಇದು ಯಾವಾಗಲೂ ಬೇಕು. ಆರೆಂಟು ಜನ, ಒಂದು ತಮಟೆ, ಒಂದೇ ಬಣ್ಣದ ಅಂಗಿ, 15-20 ನಿಮಿಷ. ಬಸ್ಸಿನ ಎಂಜಿನ್ ಗುರುಗುಟ್ಟುವ ಕಡೆ ನಿಲ್ಲಬೇಡಿ. ಬೆನ್ನಿಗೆ ಗೋಡೆ ಇರುವ ಜಾಗ ಸಿಕ್ಕರೆ ದನಿ ಚದುರುವುದಿಲ್ಲ. ಮುಖ್ಯ ಮಾತುಗಳನ್ನು ಒಬ್ಬರು ಕಿರುಚುವ ಬದಲು ಎಲ್ಲರೂ ಒಟ್ಟಿಗೆ ಹೇಳಿ. ಪೊಲೀಸ್ ಠಾಣೆ, ಪಂಚಾಯಿತಿ ಅಥವಾ ಮಾರುಕಟ್ಟೆಯವರ ಅನುಮತಿ ಮೊದಲೇ ಕಾಗದದಲ್ಲಿರಲಿ.

ಕೃತಿಯ ಹಕ್ಕು ಮರೆಯಬೇಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ ಅವರ ನಾಟಕಗಳು 2007ರಿಂದ ಮುಕ್ತ. ಹಳೆಯ ನಾಟಕವಾದರೂ ಅದರ ಅನುವಾದ ಇತ್ತೀಚಿನದಾದರೆ ಅನುವಾದಕರಿಗೆ ಬೇರೆ ಹಕ್ಕಿದೆ. ಕಾಲೇಜಿನ ಚಟುವಟಿಕೆಯಾಗಿ, ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮಾತ್ರ ನೋಡುವ ಪ್ರಯೋಗಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟು ಹೊರಗಿನವರಿಗೆ ಆಡುವುದಾದರೆ, ಯೂಟ್ಯೂಬಿಗೆ ಏರಿಸುವುದಾದರೆ ಪತ್ರ ಬರೆದು ಒಪ್ಪಿಗೆ ಪಡೆಯಿರಿ. ಎಷ್ಟೋ ನಾಟಕಕಾರರು ವಿದ್ಯಾರ್ಥಿಗಳಿಗೆ ಸಂತೋಷದಿಂದ ಕೊಡುತ್ತಾರೆ. ಕೇಳದೆ ಆಡಿದಾಗಲೇ ಬೇಸರ.

ಹೊರಗೆ ನೋಡಿ ಕಲಿಯುವುದಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ತಿರುಗಾಟದ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ, ಸಾಣೇಹಳ್ಳಿಯ ಶಿವಸಂಚಾರ ತಂಡವೂ ಹಾಗೆಯೇ. ಸರ್ಕಾರಿ ರಂಗಸಂಸ್ಥೆ ರಂಗಾಯಣ ಮೈಸೂರಿನಲ್ಲಿ 1989ರಿಂದ ಇದೆ, ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ಇದೆ. ತಿರುಗಾಟದ ತಂಡ ನಿಮ್ಮೂರಿಗೆ ಬಂದಾಗ ಸ್ಥಳೀಯ ಸಂಘಟಕರನ್ನು ಮುಂಚೆಯೇ ಕಂಡು ಸಾಮಾನು ಇಳಿಸಲು ಮೂರ್ನಾಲ್ಕು ಜನ ಬರುತ್ತೇವೆ ಎನ್ನಿ. ಬರಿಯ ರಂಗವನ್ನು ಅವರು ಸಂಜೆಯೊಳಗೆ ಹೇಗೆ ಕಟ್ಟುತ್ತಾರೆ ಎಂಬುದನ್ನು ಪಕ್ಕದಲ್ಲಿ ನಿಂತು ನೋಡಿದರೆ, ನಿಮ್ಮ ತಂಡದ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇರುತ್ತದೆ.

ಪರದೆ ಬಿದ್ದ ಮೇಲೆ

ಫೋಟೋ, ಸೆಲ್ಫಿ ಗದ್ದಲದಲ್ಲಿ ಸಾಮಾನು ಕಳೆಯುವುದು ಈಗಲೇ. ಮೊದಲು ಪರಿಕರ ಮೇಜಿನ ಗೆರೆಗಳನ್ನು ತುಂಬಿಸಿ, ಎರವಲು ತಂದ ವಸ್ತುಗಳನ್ನು ಬೇರೆ ಚೀಲಕ್ಕೆ ಹಾಕಿ, ಯಾರ ಮನೆಯದು ಎಂದು ಚೀಟಿ ಅಂಟಿಸಿ. ದೀಪಗಳನ್ನು ಆರಿಸಿ ಇಪ್ಪತ್ತು ನಿಮಿಷ ತಣಿಯಲು ಬಿಟ್ಟು ಆಮೇಲೆ ಇಳಿಸಿ. ಬೆವರಿದ ವೇಷವನ್ನು ಮಡಿಸಿ ಪೆಟ್ಟಿಗೆಗೆ ತುಂಬದೆ ರಾತ್ರಿ ಹಗ್ಗದ ಮೇಲೆ ಹರಡಿ. ನೆಲದ ಟೇಪನ್ನು ಅವತ್ತೇ ಕೀಳಿ. ವಾರ ಬಿಟ್ಟರೆ ಅಂಟು ಉಳಿದು ಸೀಮೆಎಣ್ಣೆ ಹಾಕಿ ಉಜ್ಜಬೇಕಾಗುತ್ತದೆ. ರಂಗ ಗುಡಿಸಿ, ಫ್ಯಾನು-ದೀಪ ಆರಿಸಿ, ಬೀಗದ ಕೈಯನ್ನು ಅಟೆಂಡರ್ ಕೈಗೇ ಕೊಟ್ಟು, ಮುಂದಿನ ವಾರ ಯಾವ ಸಂಜೆ ಹಾಲ್ ಖಾಲಿ ಇದೆ ಎಂದು ಕೇಳಿ ಬನ್ನಿ.